ಅವಳಿನಗರದಲ್ಲಿ ನವಬ್ರ್ಯಾಂಡ್ ವಾಷಿಂಗ್ ಮಷಿನ್: ಒಂದು ತಾತ್ವಿಕ ಅಧ್ಯಯನ

ಸಂಶೋಧನೆಯ ವಿಷಯದಲ್ಲಿ ಧಾರವಾಡಕ್ಕೆ ಯಾರೂ ಪಾಠ ಹೇಳಬೇಕಾಗಿಲ್ಲ. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ, 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಶಾಸನ, ವಚನ, ಬಯಲಾಟ, ಊರಹೆಸರು ಯಾವುದೂ ಮಹಾಪ್ರಬಂಧದ ಕೈಯಿಂದ ತಪ್ಪಿಸಿಕೊಂಡಿಲ್ಲ. ಇಷ್ಟಾದರೂ ದೀಪಾವಳಿ ಆಫರಿನ ದಿನಗಳಲ್ಲಿ ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯಿಂದ ಧಾರವಾಡದ ಸುಭಾಸ ರಸ್ತೆಯವರೆಗೆ ಅಂಗಡಿ ಅಂಗಡಿಯಲ್ಲೂ ಏಳುವ “ಈ ಹೊಸಾ ಕಂಪನೀದು ತಗೋಬಹುದೇನ್ರೀ?” ಎಂಬ ಮೂಲಭೂತ ಪ್ರಶ್ನೆಯನ್ನು ನಮ್ಮ ವಿದ್ವಾಂಸರು ಸೇಲ್ಸ್‌ಮನ್ನನ ಪಾಲಿಗೆ ಬಿಟ್ಟುಕೊಟ್ಟಿದ್ದಾರೆ. ಆತ ಪೂರ್ವಪಕ್ಷವನ್ನೂ ತಾನೇ ಹೇಳಿ, ಖಂಡನೆಯನ್ನೂ ತಾನೇ ಮಾಡಿ, ಇಎಂಐ ಫಾರ್ಮನ್ನೂ ತಾನೇ ತುಂಬಿಸುತ್ತಾನೆ. ವಾದ, ತೀರ್ಪು, ವಸೂಲಿ ಮೂರೂ ಒಬ್ಬನಲ್ಲೇ ಸೇರುವುದು ಯಾವ ದರ್ಶನಕ್ಕೂ ಸಮ್ಮತವಲ್ಲ. ಬಟ್ಟೆ ಒಗೆಯುವ ಯಂತ್ರ ಪಂಡಿತರ ಘನತೆಗೆ ತಕ್ಕ ವಿಷಯವೇ ಎಂದು ಮೂಗು ಮುರಿಯುವವರಿಗೆ ಒಂದು ನಿದರ್ಶನ ಸಾಕು: 18ನೇ ಶತಮಾನದಲ್ಲಿ ಜರ್ಮನಿಯ ರೇಗನ್ಸ್‌ಬುರ್ಗಿನ ಪಾದ್ರಿ ಯಾಕೋಬ್ ಕ್ರಿಸ್ಟಿಯಾನ್ ಶೇಫರ್ ಅಣಬೆಗಳ ಬಗ್ಗೆ ಬರೆದ ಕೈಯಿಂದಲೇ ವಾಷಿಂಗ್ ಮಷಿನ್ ಬಗ್ಗೆಯೂ ಪುಸ್ತಕ ಬರೆದ. ಆದ್ದರಿಂದ ನಿಸ್ಸಂಕೋಚವಾಗಿ ನಮ್ಮ ಪ್ರತಿಜ್ಞಾವಾಕ್ಯ ಇಡುತ್ತೇವೆ. ಹೊಸ ಬ್ರ್ಯಾಂಡಿನ ಯೋಗ್ಯತೆ ಮಷಿನ್ನಿನೊಳಗೆ ಇರುವುದಿಲ್ಲ. ಮಷಿನ್ ಕೆಟ್ಟು ನಿಂತ ದಿನ ಹುಬ್ಬಳ್ಳಿ-ಧಾರವಾಡ ಅವಳಿನಗರದ ಗಡಿಯೊಳಗೆ ಸಿಗುವ, ಅಥವಾ ಸಿಗದ, ಸ್ಪೇರ್ ಪಾರ್ಟಿನಲ್ಲಿ ಇರುತ್ತದೆ.

ಮೊದಲು ಲಕ್ಷಣ ನಿಷ್ಕರ್ಷೆ. ಯಾವ ಹೆಸರು ಹೇಳಿದಾಗ ಮನೆಯ ಹಿರಿಯರು “ಅದ್ಯಾವ್ದೋ?” ಎಂದು ಮರಳಿ ಕೇಳುತ್ತಾರೋ ಅದು ಹೊಸ ಬ್ರ್ಯಾಂಡ್ ಎಂಬುದು ರೂಢಿಯ ಲಕ್ಷಣ. ಇದು ಎರಡು ಹೆಜ್ಜೆಯೂ ನಡೆಯುವುದಿಲ್ಲ. ವೋಲ್ಟಾಸ್ ಬೇಕೋ ಎಂಬುದು 2017ರ ಈಚಿನ ಹೆಸರು. ಆದರೆ ಅದರ ಒಂದು ಬದಿಯ ವೋಲ್ಟಾಸ್ 1954ರದು, ಇನ್ನೊಂದು ಬದಿಯ ಆರ್ಚೆಲಿಕ್ 1955ರಲ್ಲಿ ಇಸ್ತಾಂಬುಲ್‌ನಲ್ಲಿ ಶುರುವಾಗಿ 1959ರಲ್ಲೇ ತುರ್ಕಿಯ ಮೊದಲ ವಾಷಿಂಗ್ ಮಷಿನ್ ತಯಾರಿಸಿದ ಕಂಪನಿ. ಹೈಯರ್ ನಮ್ಮ ದೇಶಕ್ಕೆ ಬಂದದ್ದು 2004ರಲ್ಲಾದರೂ ಚೀನಾದ ಚಿಂಗ್‌ದಾವ್‌ನಲ್ಲಿ ಹುಟ್ಟಿದ್ದು 1984ರಲ್ಲಿ. ಇವರಿಗೆ ತದ್ವಿರುದ್ಧವಾಗಿ ಥಾಮ್ಸನ್ ಎಂಬ ಹಳೆಯ ಫ್ರೆಂಚ್ ಹೆಸರನ್ನು 2018ರಿಂದ ಭಾರತದ ಕಂಪನಿಯೊಂದು ಲೈಸೆನ್ಸ್ ಮೇಲೆ ನಡೆಸುತ್ತಿದೆ. ಹೆಸರು ಹಳೆಯದು, ಕೈ ಹೊಸದು. ಡಿಕ್ಸನ್ ಎಂಬ ತಯಾರಕ ಕಂಪನಿಯಂತೂ ದೇಹರಾದೂನ್ ಮತ್ತು ತಿರುಪತಿಯ ಕಾರ್ಖಾನೆಗಳಲ್ಲಿ ಹಲವು ಬ್ರ್ಯಾಂಡುಗಳಿಗೆ ಮಷಿನ್ ಮಾಡಿಕೊಡುತ್ತದೆ. ಬೀಗತನ ಮಾಡುವವರಂತೆ ಮನೆತನ ವಿಚಾರಿಸಲು ಹೊರಟರೆ, ಒಂದೇ ಮನೆಯ ಮಕ್ಕಳು ಬೇರೆ ಬೇರೆ ಅಡ್ಡಹೆಸರು ಹಚ್ಚಿಕೊಂಡು ಒಂದೇ ಶೋರೂಮಿನಲ್ಲಿ ಸಾಲಾಗಿ ನಿಂತಿರುವುದು ಗೊತ್ತಾಗುತ್ತದೆ. ಹೀಗಾಗಿ ವಯಸ್ಸಿನ ಮೇಲೆ ತೀರ್ಮಾನ ಕೊಡುವ ಪಕ್ಷವನ್ನು ಇಲ್ಲಿಗೇ ಕೈಬಿಟ್ಟಿದ್ದೇವೆ.

ಇನ್ನು ಪ್ರಮಾಣಗಳು. ಪ್ರತ್ಯಕ್ಷವೇ ಎಲ್ಲಕ್ಕಿಂತ ದೊಡ್ಡದು ಎಂದು ಚಾರ್ವಾಕರೂ ಗ್ರಾಹಕರೂ ನಂಬುತ್ತಾರೆ. ಆದರೆ ಶೋರೂಮಿನ ಮಷಿನ್ನಿಗೆ ನೀರಿನ ಸಂಬಂಧವಿಲ್ಲ, ಬಹುಮಟ್ಟಿಗೆ ಕರೆಂಟಿನ ಸಂಬಂಧವೂ ಇಲ್ಲ. ವಾಯರು ಸುರುಳಿ ಸುತ್ತಿ ಬೆನ್ನಿಗೆ ಟೇಪು ಹಚ್ಚಿಕೊಂಡಿರುತ್ತದೆ. ಫ್ರಂಟ್ ಲೋಡ್ ಆದರೆ, ಲಾರಿಯಲ್ಲಿ ಡ್ರಮ್ ಅಲುಗಾಡದಂತೆ ಕಾರ್ಖಾನೆಯಲ್ಲಿ ಬಿಗಿದ ಬೋಲ್ಟುಗಳನ್ನೂ ಯಾರೂ ಬಿಚ್ಚಿರುವುದಿಲ್ಲ. ಇಂಥ ಬದ್ಧಸ್ಥಿತಿಯಲ್ಲಿರುವ ವಸ್ತುವಿನ ಮುಂದೆ ನಿಂತು ಗ್ರಾಹಕ ಬದಿಯ ತಗಡಿಗೆ ಬೆರಳ ಗೆಣ್ಣಿನಿಂದ ಬಡಿಯುತ್ತಾನೆ, ಮುಚ್ಚಳ ಎತ್ತಿ ಬಿಟ್ಟು ಸಪ್ಪಳ ಕೇಳುತ್ತಾನೆ, ತಲೆ ಒಳಗೆ ಹಾಕಿ ಏನನ್ನೋ ನೋಡುತ್ತಾನೆ, ಕೊನೆಗೆ “ಮಾಲು ಗಟ್ಟಿ ಐತಿ” ಎಂದು ಹೇಳುತ್ತಾನೆ. ಜೊತೆಗೆ ಬಂದ ಭಾವಮೈದುನ ಮತ್ತೊಮ್ಮೆ ಬಡಿದು ಅನುಮೋದಿಸುತ್ತಾನೆ. ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದ 7 ಕೆಜಿ ಎಂಬುದೂ ಪ್ರತ್ಯಕ್ಷವೇ. ಅದು ಒಣ ಹತ್ತಿ ಬಟ್ಟೆಯ ತೂಕ. ಈ ಭಾಗದ ಮನೆಗಳಲ್ಲಿ ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ಕೌದಿ ಒಂದಾದರೂ ಇರುತ್ತದೆ. ಅದನ್ನು ಡ್ರಮ್ಮಿನಲ್ಲಿ ತುರುಕಿದರೆ ನೀರು ಕುಡಿದು ಒಂದೇ ಮಗ್ಗುಲಿಗೆ ಗಂಟಾಗಿ ಬೀಳುತ್ತದೆ. ತೂಕ ಸಮ ಇಲ್ಲವೆಂದು ಮಷಿನ್ ಸ್ಪಿನ್ ನಿಲ್ಲಿಸಿ, ಮತ್ತೆ ನೀರು ತಗೊಂಡು, ಕೌದಿಯನ್ನು ಸಡಿಲಿಸಲು ನೋಡಿ, ಮತ್ತೆ ಸೋತು, ಹೊರಗೆ ಪರದೆಯ ಮೇಲೆ ಅದೇ ನಿಮಿಷವನ್ನು ತೋರಿಸುತ್ತಾ ನಿಲ್ಲುತ್ತದೆ. ಈ ಪರೀಕ್ಷೆಯಲ್ಲಿ ಪಾಸಾದ ಬ್ರ್ಯಾಂಡ್, ಹೊಸದಾಗಲಿ ಹಳೆಯದಾಗಲಿ, ನಮ್ಮ ಗಮನಕ್ಕೆ ಬಂದಿಲ್ಲ.

ಶಬ್ದಪ್ರಮಾಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಪ್ತವಾಕ್ಯ ಎನ್ನಲು ಹೇಳುವವನು ಆಪ್ತನಾಗಿರಬೇಕು. ತಿಂಗಳ ಟಾರ್ಗೆಟ್ ಇರುವವನು ಆಪ್ತನಲ್ಲ. ಆನ್‌ಲೈನಿನಲ್ಲಿ ಐದು ಚುಕ್ಕೆ ಕೊಟ್ಟವರು ಬಹುತೇಕ ಮಷಿನ್ ಬಂದ ವಾರವೇ ಕೊಟ್ಟಿರುತ್ತಾರೆ; ಅವರು ಹೊಗಳುವುದು ಡೆಲಿವರಿ ಹುಡುಗನ ವಿನಯವನ್ನು. ಕರೆಂಟಿನ ಸ್ಟಾರ್ ಸ್ಟಿಕ್ಕರ್ ಸುಳ್ಳಲ್ಲ, ಆದರೆ ಅದು ಕರೆಂಟು ಎಷ್ಟು ಉಳಿಯುತ್ತದೆ ಎನ್ನುತ್ತದೆಯೇ ಹೊರತು ಮಷಿನ್ ಎಷ್ಟು ವರ್ಷ ಉಳಿಯುತ್ತದೆ ಎನ್ನುವುದಿಲ್ಲ. ಕಾಣದಿರುವುದನ್ನೇ ಸಾಕ್ಷಿಯಾಗಿಸುವ ಅನುಪಲಬ್ಧಿ ಮಾತ್ರ ಸ್ವಲ್ಪ ಅಪಾಯಕಾರಿ. “ಈ ಕಂಪನೀದು ಇನ್ನೂ ಒಂದೂ ಕಂಪ್ಲೇಂಟ್ ಬಂದಿಲ್ರೀ” ಎಂಬ ಮಾತಿನಲ್ಲಿ ದೋಷವಿಲ್ಲದಿರುವುದೂ ಗಿರಾಕಿಯಿಲ್ಲದಿರುವುದೂ ಒಂದೇ ರೂಪದಲ್ಲಿ ಕಾಣುತ್ತವೆ. ಕೊಡ ಕಾಣಲಿಲ್ಲವೆಂದರೆ ಕೊಡ ಇಲ್ಲ ಎಂದು ಹೇಳಲು ಮೊದಲು ಕೋಣೆಯಲ್ಲಿ ದೀಪ ಇರಬೇಕು ಎಂದು ಮೀಮಾಂಸಕರು ಎಂದೋ ಎಚ್ಚರಿಸಿದ್ದಾರೆ.

ಉಳಿದದ್ದು ಅರ್ಥಾಪತ್ತಿ. ಇದರಲ್ಲೇ ನಮ್ಮ ಪ್ರಬಂಧದ ಜೀವ ಇದೆ. ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ. ಹಾಗಾದರೆ ರಾತ್ರಿ ಉಣ್ಣುತ್ತಿರಬೇಕು ಎಂಬುದು ಶಾಸ್ತ್ರದ ಪ್ರಸಿದ್ಧ ಉದಾಹರಣೆ. ಹೊಸ ಬ್ರ್ಯಾಂಡ್ ಪಕ್ಕದ ಹಳೆಯ ಬ್ರ್ಯಾಂಡಿಗಿಂತ ಸಾವಿರಾರು ರೂಪಾಯಿ ಕಡಿಮೆ, ಮೇಲಾಗಿ ಮೋಟಾರಿಗೆ 10 ವರ್ಷ ವಾರಂಟಿ. ಹಗಲು ಉಪವಾಸವಿರುವ ಈ ದೇವದತ್ತ ರಾತ್ರಿ ಎಲ್ಲಿ ಉಣ್ಣುತ್ತಾನೆ? ಉತ್ತರ ವಾರಂಟಿ ಕಾರ್ಡಿನಲ್ಲೇ ಇದೆ, ಸಣ್ಣ ಅಕ್ಷರದಲ್ಲಿ. 10 ವರ್ಷ ಮೋಟಾರಿಗೆ. ಇಡೀ ಮಷಿನ್ನಿಗೆ ಸಾಮಾನ್ಯವಾಗಿ ಎರಡೇ ವರ್ಷ. ರಬ್ಬರು, ಪ್ಲಾಸ್ಟಿಕ್ಕು, ಪೈಪು, ಇಲಿ ಕಡಿದದ್ದು ಯಾವುದಕ್ಕೂ ಇಲ್ಲ. ಈಗಿನ ಇನ್ವರ್ಟರ್ ಮೋಟಾರು ಅಷ್ಟು ಸುಲಭಕ್ಕೆ ಕೆಡುವ ವಸ್ತುವೇ ಅಲ್ಲ. ಕೆಡುವುದು ಬೋರ್ಡು, ಡ್ರೈನ್ ಪಂಪು, ನೀರು ಬಿಡುವ ಇನ್ಲೆಟ್ ವಾಲ್ವು, ಬಾಗಿಲ ಗ್ಯಾಸ್ಕೆಟ್ಟು, ಡ್ರಮ್ಮಿನ ಬೇರಿಂಗು. ಕೆಡದ ಭಾಗಕ್ಕೆ ದೀರ್ಘಾಯುಷ್ಯದ ಆಶೀರ್ವಾದ, ಕೆಡುವ ಭಾಗಕ್ಕೆ ಮೌನ. ಅಂದಮೇಲೆ ಕಡಿಮೆ ಮಾಡಿದ ಬೆಲೆಯನ್ನು ಕಂಪನಿ ಒಂದೋ ಜಾಹೀರಾತಿನಲ್ಲಿ ಉಳಿಸಿರಬೇಕು, ಅದು ನಮಗೆ ಸಂತೋಷವೇ. ಇಲ್ಲವೇ ಊರೂರಿನಲ್ಲಿ ಸ್ಪೇರು ತುಂಬಿಟ್ಟ ಕಪಾಟಿನಲ್ಲಿ ಉಳಿಸಿರಬೇಕು. ಎರಡರಲ್ಲಿ ಯಾವುದು ಎಂದು ತಿಳಿಯುವ ಉಪಾಯ ಅಗ್ಗದ್ದು. ಕೊಳ್ಳುವ ಮೊದಲೇ ಆ ಕಂಪನಿಯ ಸರ್ವೀಸ್ ನಂಬರಿಗೆ ಫೋನ್ ಹಚ್ಚಿ, ಇಂಥ ಮಾಡೆಲ್ಲಿನ ಬೋರ್ಡು ಹುಬ್ಬಳ್ಳಿಯಲ್ಲಿ ಐತೇನು, ಬೆಲೆ ಎಷ್ಟು, ಬೇರಿಂಗ್ ಹೋದರೆ ಬೇರಿಂಗಷ್ಟೇ ಹಾಕುತ್ತೀರೋ ಇಡೀ ಟಬ್ಬೇ ಬದಲಿಸಬೇಕೋ ಎಂದು ಕೇಳಬೇಕು. ಹಲವು ಫ್ರಂಟ್ ಲೋಡ್‌ಗಳಲ್ಲಿ ಹೊರಗಿನ ಪ್ಲಾಸ್ಟಿಕ್ ಟಬ್ಬಿನ ಎರಡು ಹೋಳುಗಳನ್ನು ಕರಗಿಸಿ ಬೆಸೆದಿರುತ್ತಾರೆ, ಬಿಚ್ಚಲು ಬರುವುದಿಲ್ಲ. ಕೈಯಗಲದ ಬೇರಿಂಗಿಗಾಗಿ ಅರ್ಧ ಮಷಿನ್ ಕೊಳ್ಳಬೇಕಾಗುತ್ತದೆ. “ಬೋರ್ಡ್ ಸ್ಟಾಕ್ ಐತ್ರಿ” ಎಂದು ಬೆಲೆ ಸಮೇತ ಉತ್ತರ ಬಂದರೆ ಬ್ರ್ಯಾಂಡ್ ಪ್ರಾಮಾಣಿಕ. “ಬೆಂಗಳೂರಿಂದ ತರಿಸ್ತೀವ್ರಿ” ಎಂದರೆ ಹೇತು ದುರ್ಬಲ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ತಯಾರಾದ ದೊಡ್ಡ ದೊಡ್ಡ ವಾಲ್ವುಗಳು ಹೊರದೇಶಕ್ಕೆ ಹೋಗುತ್ತವೆ. ಅದೇ ಊರಿನ ವಾಷಿಂಗ್ ಮಷಿನ್ನಿನ ಹೆಬ್ಬೆರಳಿನಷ್ಟು ವಾಲ್ವಿಗೆ ಮಾತ್ರ ಬೆಂಗಳೂರಿನ ದಾರಿ ಕಾಯಬೇಕು.

ಇಲ್ಲಿ ಒಂದು ಹೇತ್ವಾಭಾಸವನ್ನು ಬಯಲಿಗೆಳೆಯದಿದ್ದರೆ ಹೊಸ ಬ್ರ್ಯಾಂಡಿಗೆ ಅನ್ಯಾಯವಾದೀತು. ಅವಳಿನಗರಕ್ಕೆ ನೀರು ಬರುವುದು ಸವದತ್ತಿಯ ಮಲಪ್ರಭೆಯಿಂದ, ನೀರಸಾಗರದಿಂದ. ನಿರಂತರ ನೀರಿನ ಯೋಜನೆ ಕೆಲವು ವಾರ್ಡುಗಳಿಗೆ 2008ರ ಹೊತ್ತಿಗೇ ಬಂದರೂ ಉಳಿದ ಓಣಿಗಳು ನಳ ಬರುವ ದಿನ ಎಣಿಸುವುದನ್ನು ಬಹುಕಾಲ ಬಿಡಲಿಲ್ಲ. ಹೀಗಾಗಿ ಮಷಿನ್ ಕುಡಿಯುವುದು ನಳದ ನೀರನ್ನಲ್ಲ, ಮಾಳಿಗೆಯ ಟಾಕಿಯ ನೀರನ್ನು. 10 ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ. ಎಷ್ಟೋ ಫ್ರಂಟ್ ಲೋಡ್‌ಗಳ ಕೈಪಿಡಿ ಕನಿಷ್ಠ 0.3ರಿಂದ 0.5 ಬಾರ್ ಬೇಕು ಎನ್ನುತ್ತದೆ. ಅಂದರೆ ಟಾಕಿ ಮೂರರಿಂದ ಐದು ಮೀಟರ್ ಮೇಲಿರಬೇಕು. ಟಾಕಿಯ ನೇರ ಕೆಳಗಿನ ಮಹಡಿಯಲ್ಲಿ ಮಷಿನ್ ಇಟ್ಟರೆ ಮೂರು ಮೀಟರೂ ಸಿಗುವುದು ಕಷ್ಟ. ನೀರು ಬರಲಿಲ್ಲವೆಂದು ಅದು ಕಾದು ಕಾದು ಎರರ್ ತೋರಿಸುತ್ತದೆ. ಹಳೆಯ ಬ್ರ್ಯಾಂಡ್ ಎರರ್ ತೋರಿಸಿದರೆ “ನಮ್ಮಲ್ಲಿ ಪ್ರೆಶರ್ ಇಲ್ರೀ” ಎನ್ನುತ್ತಾರೆ. ಹೊಸದು ತೋರಿಸಿದರೆ “ಹೇಳಿದ್ನಿಲ್ಲೋ, ಹೊಸಾ ಕಂಪನಿ ಮಾಲು ಬ್ಯಾಡಂತ” ಎನ್ನುತ್ತಾರೆ. ಧೂಮ ಒಂದೇ, ಬೆಂಕಿ ಮಾತ್ರ ಬ್ರ್ಯಾಂಡ್ ನೋಡಿ ಬದಲಾಗುತ್ತದೆ. ಬಟ್ಟೆಯ ವಿಷಯದಲ್ಲಿ ಈ ಊರು ಇಷ್ಟು ಪಕ್ಷಪಾತಿಯಲ್ಲ ಎಂಬುದನ್ನು ನೆನೆದರೆ ಬೇಸರವಾಗುತ್ತದೆ. ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜ ತಯಾರಾಗುವುದು ಹೆಸರಿನ ಬಲದ ಮೇಲಲ್ಲ, ಐಎಸ್ 1 ಎಂಬ ಭಾರತೀಯ ಮಾನಕದ ಬಲದ ಮೇಲೆ; ಅಳತೆ, ನೂಲು, ಬಣ್ಣ ಎಲ್ಲಕ್ಕೂ ಪರೀಕ್ಷೆ ಇದೆ.

ಈ ಎಲ್ಲದರಿಂದ ಹೊರಡುವ ನಿರ್ಣಯ ಮಷಿನ್ನಿನ ಜಾತಿಗೆ ತಕ್ಕಂತೆ ಬೇರೆಯಾಗುತ್ತದೆ, ಇದನ್ನು ಅಂಗಡಿಯವರು ಹೇಳುವುದಿಲ್ಲ. ಸೆಮಿ ಆಟೋಮ್ಯಾಟಿಕ್ ಆದರೆ ಹೊಸ ಬ್ರ್ಯಾಂಡನ್ನು ಧೈರ್ಯವಾಗಿ ಕೊಳ್ಳಬಹುದು. ಅದರಲ್ಲಿ ಬೋರ್ಡಿಲ್ಲ, ಕೀಲಿ ಕೊಟ್ಟಂತೆ ತಿರುಗಿಸುವ ಟೈಮರು, ಬೆಲ್ಟು, ಕೆಪಾಸಿಟರು, ಬ್ರೇಕ್ ವಾಯರು ಇಷ್ಟೇ ಸಂಸಾರ. ಕಂಪನಿ ಮುಳುಗಿದರೂ ಓಣಿಯ ರಿಪೇರಿಯವನು ಅಳತೆ ನೋಡಿ ಬೇರೆಯದನ್ನು ಹಾಕುತ್ತಾನೆ. ನಳಕ್ಕೆ ಪ್ರೆಶರ್ ಇಲ್ಲದಿದ್ದರೆ ಕೊಡದಿಂದ ಸುರಿದರೂ ಅದು ಬೇಸರಪಡುವುದಿಲ್ಲ. ಟಾಪ್ ಲೋಡ್ ಆದರೆ ಮೇಲೆ ಹೇಳಿದ ಫೋನ್ ಪರೀಕ್ಷೆ ಕಡ್ಡಾಯ. ಫ್ರಂಟ್ ಲೋಡ್ ಆದರೆ, ಸ್ಪೇರಿನ ಕಪಾಟು ಕಣ್ಣಿಗೆ ಬೀಳುವವರೆಗೆ ಬೇಡ. ಉಳಿಸಿದ ಐದಾರು ಸಾವಿರ ಒಂದೇ ಬೋರ್ಡಿಗೆ ಸಾಲದೆ ಹೋಗಬಹುದು.

ಆಕ್ಷೇಪಗಳು ಬರುತ್ತವೆ. ಹಳೆಯ ಹೆಸರು ಎಂದರೆ ಸುರಕ್ಷಿತವಲ್ಲವೇ ಎಂದು ಮೊದಲನೆಯದು. ವಿಡಿಯೋಕಾನ್ ಒಂದು ಕಾಲಕ್ಕೆ ಮನೆಮನೆಯ ಹೆಸರಾಗಿತ್ತು. 2018ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಹಾಗಾದರೆ ಹೊಸಬರಲ್ಲಿ ಗುಣಮಟ್ಟದ ಹಟ ಇರುತ್ತದಲ್ಲ ಎಂದು ಎದುರು ಪಕ್ಷ. ಇರುತ್ತದೆ. 1985ರಲ್ಲಿ, ತನ್ನ ಕಾರ್ಖಾನೆ ಇನ್ನೂ ಹಸುಗೂಸಾಗಿದ್ದಾಗ, ಹೈಯರ್‌ನ ಜಾಂಗ್ ರುಯ್‌ಮಿನ್ ದೋಷವಿದ್ದ 76 ಫ್ರಿಜ್ಜುಗಳನ್ನು ನೌಕರರ ಕೈಯಿಂದಲೇ ಸುತ್ತಿಗೆಯಲ್ಲಿ ಒಡೆಸಿದ. ಮೆಚ್ಚಬೇಕಾದ್ದೇ; ಆದರೆ ಆ ಸುತ್ತಿಗೆ ಚಿಂಗ್‌ದಾವ್‌ನಲ್ಲಿ ಬೀಸಿತು, ಹುಬ್ಬಳ್ಳಿಯ ವಿದ್ಯಾನಗರದ ಮನೆಯಲ್ಲಿ ಕೆಟ್ಟು ನಿಂತ ಮಷಿನ್ನಿಗೆ ಬೇಕಾದ್ದು ಸ್ಕ್ರೂಡ್ರೈವರು. ಎಕ್ಸ್‌ಟೆಂಡೆಡ್ ವಾರಂಟಿ ತಗೊಂಡರಾಯಿತು ಎನ್ನುವವರಿಗೆ ಉತ್ತರ ಚಿಕ್ಕದು: ಅದು ಸ್ಪೇರಿನ ದುಡ್ಡು ಕೊಡುತ್ತದೆ, ಸ್ಪೇರು ಹುಟ್ಟಿಸುವುದಿಲ್ಲ.

ಕೊನೆಯ ಆಕ್ಷೇಪ ವಕೀಲರದು. ಮಷಿನ್ ಕೆಟ್ಟರೆ, ಕಂಪನಿ ಕೈಕೊಟ್ಟರೆ, ಗ್ರಾಹಕರ ಆಯೋಗವಿಲ್ಲವೇ? ಇದೆ, ಮತ್ತು ಗ್ರಾಹಕ ಸಂರಕ್ಷಣಾ ಕಾಯ್ದೆ 2019 ನಿಜಕ್ಕೂ ಗ್ರಾಹಕನ ಪರವಾಗಿದೆ. ಕಂಪನಿ ದೆಹಲಿಯಲ್ಲಿರಲಿ ಶಾಂಘೈಯಲ್ಲಿರಲಿ, ದೂರುದಾರ ತಾನಿರುವ ಜಿಲ್ಲೆಯಲ್ಲೇ, ಅಂದರೆ ಧಾರವಾಡದಲ್ಲೇ, ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಫೀ ಇಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ಮೂರು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದೂ, ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬೇಕಾದರೆ ಐದು ತಿಂಗಳೆಂದೂ ಕಾಯ್ದೆಯಲ್ಲೇ ಬರೆದಿದೆ. ಪೂರ್ವಪಕ್ಷ ಇಷ್ಟು ಬಲವಾಗಿ ನಿಂತಾಗ ಸಿದ್ಧಾಂತಿಗೆ ಉಳಿಯುವ ಪ್ರತಿವಾದ ಒಂದೇ: ಮಷಿನ್ ಪ್ರಯೋಗಾಲಯದಲ್ಲಿರುವ ಆ ಐದು ತಿಂಗಳು ಬಟ್ಟೆ ಯಾರು ಒಗೆಯಬೇಕು ಎಂಬ ಬಗ್ಗೆ ಕಾಯ್ದೆಯಲ್ಲಿ ಯಾವ ಕಲಮೂ ಇಲ್ಲ.