ಗ್ರಾಂ ಯಜಮಾನರು

ಹೊಸೂರಿನ ಕನ್ನಡ ಮನೆಗಳಲ್ಲಿ ಹುಡುಕಿದರೆ ಗ್ರಾಂ ಯಜಮಾನರೊಬ್ಬರು ಸಿಕ್ಕೇ ಸಿಗುತ್ತಾರೆ. ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಯಾವುದೋ ಕಾರ್ಖಾನೆಯಲ್ಲಿ ಮೈಕ್ರೋಮೀಟರ್ ಹಿಡಿದು ಗುಣಮಟ್ಟ ನೋಡುತ್ತಿದ್ದವರು. ನಿವೃತ್ತಿಯಾದ ಮೇಲೆ ಡಿಜಿಟಲ್ ತಕ್ಕಡಿಯೊಂದನ್ನು ತಂದು ಅಡುಗೆಮನೆಯಲ್ಲಿ ಡ್ಯೂಟಿ ಮುಂದುವರಿಸಿದವರು. ಮುದ್ದೆಗೆ ಎಷ್ಟು ಹಿಟ್ಟು ಎಂದು ಸೊಸೆ ಅತ್ತೆಯನ್ನು ಕೇಳಿದರೆ ಉತ್ತರ ಮಾವನಿಂದ ಬರುತ್ತದೆ, ಅದೂ ಗ್ರಾಂ ಲೆಕ್ಕದಲ್ಲಿ. ಯೂಟ್ಯೂಬಿನವರೇ ಗ್ರಾಂ ಹೇಳಿಬಿಟ್ಟರೆ ಆಗ ಅದನ್ನು ಪಾವಿಗೆ ತಿರುಗಿಸುತ್ತಾರೆ. ಅವರ ಲೆಕ್ಕ ಮುಗಿಯುವವರೆಗೆ ಒಲೆ ಹಚ್ಚುವಂತಿಲ್ಲ.

ನಗುವ ಮೊದಲು ಅವರ ಕಡೆಯ ನ್ಯಾಯವನ್ನೂ ನೋಡಬೇಕು. ಈ ಗಡಿಸೀಮೆಯ ಅಡುಗೆಮನೆಯಲ್ಲಿ ನಮ್ಮ ಪಾವು–ಸೇರು, ತಮಿಳರ ಆಳಾಕ್ಕು–ಪಡಿ, ತೆಲುಗರ ಸೋಲ–ತವ್ವ ಎಲ್ಲವೂ ಒಂದೇ ಗೂಡಿನಲ್ಲಿ ಕೂತಿದ್ದವು. ನಾಲ್ಕು ಪಾವಿಗೆ ಒಂದು ಸೇರು, ಎಂಟು ಆಳಾಕ್ಕಿಗೆ ಒಂದು ಪಡಿ; ಆದರೆ ಸೇರೂ ಪಡಿಯೂ ಒಂದಲ್ಲ. 1956ರ ತೂಕ–ಅಳತೆ ಕಾನೂನು ಬಂದು, 1958ರ ಅಕ್ಟೋಬರಿನಿಂದ ಮೆಟ್ರಿಕ್ ತೂಕ ಕಾಲಿಟ್ಟ ಮೇಲೆ ಅಂಗಡಿಯವನು ಕಿಲೋಗೆ ಬದಲಾದ, ಅಮ್ಮ ಮಾತ್ರ ಪಾವಿನಲ್ಲೇ ಉಳಿದಳು. ಇವರಿಬ್ಬರ ನಡುವೆ ದುಭಾಷಿಯೊಬ್ಬ ಹುಟ್ಟಲೇಬೇಕಿತ್ತು. ಅಮ್ಮನ ಅಳತೆ ಅವಳೊಂದಿಗೇ ಹೋಗಿಬಿಟ್ಟರೆ ಎಂಬ ಭಯವೂ ಯಜಮಾನರ ಲೆಕ್ಕದ ಪುಸ್ತಕದಲ್ಲಿ ಎಲ್ಲೋ ಇದೆ. ಅವರು ಅದನ್ನು ಒಪ್ಪಿಕೊಳ್ಳುವುದಿಲ್ಲ.

ತಕರಾರು ಇರುವುದು ಫ್ರಿಜ್ಜಿನ ಬಾಗಿಲಿಗೆ ಅವರು ಅಂಟಿಸಿರುವ ಚೀಟಿಯ ಬಗ್ಗೆ: ‘ಒಂದು ಲೋಟ = 200 ಗ್ರಾಂ’. ಯಾವುದರ 200 ಗ್ರಾಂ? 240 ಮಿಲಿಲೀಟರಿನ ಕಪ್ಪಿನಲ್ಲಿ ಸಕ್ಕರೆ ಸುಮಾರು 200 ಗ್ರಾಂ ತೂಗುತ್ತದೆ, ಮೈದಾ 120ರ ಆಸುಪಾಸು, ಜೇನುತುಪ್ಪ 340. ಅದೇ ಮೈದಾವನ್ನು ಒತ್ತಿ ತುಂಬಿದರೆ 150 ಮುಟ್ಟುತ್ತದೆ. ಗಿರಣಿಯಿಂದ ಆಗಷ್ಟೇ ಬಂದ ರಾಗಿಹಿಟ್ಟು ಉಬ್ಬಿಕೊಂಡಿರುತ್ತದೆ. ಡಬ್ಬಿಯಲ್ಲಿ ವಾರ ಕಳೆದರೆ ಕುಸಿದು ಕೂರುತ್ತದೆ. ಸೋಮವಾರದ ಲೋಟಕ್ಕೂ ಭಾನುವಾರದ ಲೋಟಕ್ಕೂ ತೂಕ ಕೂಡಿಬರದಿದ್ದಾಗ ಯಜಮಾನರು ಮೊದಲು ಲೋಟವನ್ನು ಅನುಮಾನಿಸುತ್ತಾರೆ, ಆಮೇಲೆ ತಕ್ಕಡಿಯ ಸೆಲ್ಲನ್ನು, ಕೊನೆಗೆ ಹೆಂಡತಿಯನ್ನು. ಹಿಟ್ಟಿನ ಮೇಲೆ ಮಾತ್ರ ಅನುಮಾನವೇ ಬರುವುದಿಲ್ಲ. ಇನ್ನು ಪಾವನ್ನು ತಲೆ ಸವರಿ ಅಳೆಯುವುದೋ, ಗೋಪುರ ಬರುವಂತೆ ತುಂಬುವುದೋ ಎಂಬ ವಿಚಾರಣೆ ಶುರುವಾದರೆ ಮಧ್ಯಾಹ್ನದ ಊಟ ಸಂಜೆಗೆ.

ಅಸಲಿಗೆ ಪಾವು ಹೇಳುವುದು ಪ್ರಮಾಣವನ್ನು, ತೂಕವನ್ನಲ್ಲ. ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದು ಎಂದಾಗ ಆ ಪಾವು ದೊಡ್ಡದಿದ್ದರೂ ಚಿಕ್ಕದಿದ್ದರೂ ಇಡ್ಲಿಗೆ ಅದರ ಗೊಡವೆಯಿಲ್ಲ. ಎರಡಕ್ಕೂ ಒಂದೇ ಪಾತ್ರೆಯಾದರೆ ಸಾಕು. ಪರಿವರ್ತಿಸಲು ಅಲ್ಲಿ ಏನೂ ಇಲ್ಲ. ‘ಹಿಟ್ಟು ಕುಸಿದರೆ ಪ್ರಮಾಣವೂ ಕೆಡುವುದಿಲ್ಲವೇ?’ ಎಂದು ಯಜಮಾನರು ಕೇಳಬಹುದು. ಕೆಡುತ್ತದೆ. ಆದರೆ ಹಿಟ್ಟು ಗಟ್ಟಿಯಾಯಿತೋ ಸಡಿಲವಾಯಿತೋ ಎಂದು ಮುದ್ದೆಯ ಕೋಲು ತಿರುವುವಾಗಲೇ ಕೈಗೆ ಗೊತ್ತಾಗುತ್ತದೆ, ಒಂದು ಹಿಡಿ ಹಿಟ್ಟಿಗೋ ಒಂದು ಸೌಟು ಬಿಸಿನೀರಿಗೋ ಅಲ್ಲಿ ಇನ್ನೂ ಅವಕಾಶವಿರುತ್ತದೆ.

ಆ ಅವಕಾಶ ಎಲ್ಲ ಅಡುಗೆಯಲ್ಲೂ ಇರುವುದಿಲ್ಲ, ಅಲ್ಲಿ ಯಜಮಾನರೇ ಸರಿ. ಓವನ್ನಿಗೆ ಹೋದ ಕೇಕನ್ನು ಮಧ್ಯದಲ್ಲಿ ತಿದ್ದಲಾಗದು. ಉಪ್ಪಿನಕಾಯಿಯದ್ದೂ ಅದೇ ಕಥೆ: ಒಂದು ಪಾವು ಕಲ್ಲುಪ್ಪು ಒಂದು ಪಾವು ಪುಡಿಯುಪ್ಪಿಗಿಂತ ಹಗುರ, ಹರಳುಗಳ ನಡುವೆ ಗಾಳಿ ಇರುವುದರಿಂದ. ಅಜ್ಜಿಯ ಕಲ್ಲುಪ್ಪಿನ ಲೆಕ್ಕಕ್ಕೆ ಪ್ಯಾಕೆಟ್ಟಿನ ಉಪ್ಪು ಅಳೆದು ಸುರಿದರೆ ಜಾಡಿಯನ್ನು ಯಾರೂ ಮುಟ್ಟುವುದಿಲ್ಲ; ಅದೇ ಅಳತೆಯನ್ನು ಹಿಂದುಮುಂದಾಗಿಸಿದರೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ, ಇಂಥ ಯಜಮಾನರು ನಿಮ್ಮ ಮನೆಯಲ್ಲಿದ್ದರೆ ತಕ್ಕಡಿಯನ್ನು ಬಚ್ಚಿಡಬೇಡಿ. ಕೃಷ್ಣಗಿರಿ ಮಾವಿನಕಾಯಿ ಬರುವ ಕಾಲಕ್ಕೆ ಉಪ್ಪನ್ನು ಅವರಿಗೇ ವಹಿಸಿ, ಮಿಕ್ಕ ದಿನ ಆ ಫ್ರಿಜ್ಜಿನ ಚೀಟಿಯನ್ನು ಕಿತ್ತಿಡಿ.