ಬಂಗಾರ–ಭಂಗಾರ ಮೀಮಾಂಸೆ

ಬೆಳಗಾವಿ ಸೀಮೆಯಲ್ಲಿ ಬಂಗಾರಕ್ಕೂ ಭಂಗಾರಕ್ಕೂ ನಡುವೆ ಇರುವುದು ಒಂದು ಮಹಾಪ್ರಾಣ ಮಾತ್ರ. ಮೊದಲನೆಯದು ಅವ್ವನ ಕೊರಳಲ್ಲಿದ್ದು ಆಗಾಗ ಸೊಸೈಟಿಯಲ್ಲಿ ಅಡವು ಬೀಳುವಂಥದು. ಎರಡನೆಯದು ಮರಾಠಿಯಿಂದ ಬಂದದ್ದು, ಬೆಂಗಳೂರಿನವರು ಗುಜರಿ ಎನ್ನುವಂಥದು. ಹಳ್ಳಿಯ ನಾಲಗೆ ಮಹಾಪ್ರಾಣವನ್ನು ಖರ್ಚು ಮಾಡುವುದು ಸಿಟ್ಟು ಬಂದಾಗ ಮಾತ್ರ. ಹೀಗಾಗಿ ಕಳೆದ ಖಂಡೇನವಮಿಯ ದಿನ ಜೀಪಿಗೆ ಚೆಂಡುಹೂವಿನ ಹಾರ ಹಾಕುತ್ತ ನನ್ನ ತಮ್ಮ “ಅಪ್ಪಾ, ಇದು ಪೂರಾ ಭಂಗಾರ ಆಗೇತಿ” ಅಂದಾಗ, ಅಪ್ಪ ಬಾನೆಟ್ಟಿಗೆ ಕುಂಕುಮ ಹಚ್ಚುತ್ತಲೇ “ಹೌದಪಾ, ಬಂಗಾರನ ಐತಿ” ಎಂದು ಒಪ್ಪಿಬಿಟ್ಟ. ಇಬ್ಬರೂ ತಮ್ಮ ಮಾತೇ ಗೆದ್ದಿತೆಂದುಕೊಂಡು ಹೋಳಿಗೆ ಉಣ್ಣಲು ಕೂತರು.

ಈ ಶಬ್ದಭ್ರಮೆಯನ್ನು ಕಳೆದು, ಜೀಪನ್ನು ಇಟ್ಟುಕೊಳ್ಳಬೇಕೋ ಬದಲಿಸಬೇಕೋ ಎಂಬುದನ್ನು ಶಾಸ್ತ್ರೋಕ್ತವಾಗಿ ನಿರ್ಣಯಿಸುವುದೇ ಪ್ರಸ್ತುತ ಗ್ರಂಥದ ಪ್ರಯೋಜನ. ಇದನ್ನು ಓದಲು ಅಧಿಕಾರಿ ಯಾರೆಂದರೆ, ಜೀವನದಲ್ಲಿ ಒಮ್ಮೆಯಾದರೂ ಜೀಪು ದಬ್ಬಿದವನು. ಉಳಿದವರು ಓದಿದರೆ ದೋಷವಿಲ್ಲ, ಫಲವೂ ಇಲ್ಲ.

ಮೀಮಾಂಸಕರ ಕ್ರಮದಂತೆ ಮೊದಲು ವಿಷಯ. ಎಂ.ಕೆ. ಹುಬ್ಬಳ್ಳಿಯ ನಮ್ಮ ಅಂಗಳದ ಬೇವಿನ ಮರದ ಕೆಳಗೆ 1993ರಿಂದ ನಿಂತಿರುವ, ಕಬ್ಬಿನ ಬಿಲ್ಲಿನಲ್ಲಿ ಕೊಂಡ, ನಾಲ್ಕೂ ಗಾಲಿ ಎಳೆಯುವ ಎಂ.ಎಂ. 540 ಜೀಪು. ಇದರ ಮೂಲಪುರುಷ 1941ರಲ್ಲಿ ಯುದ್ಧಕ್ಕೆಂದು ಅಮೆರಿಕದಲ್ಲಿ ಹುಟ್ಟಿದ ವಿಲ್ಲಿಸ್. ಆತ 1947ರಲ್ಲಿ ಬಿಡಿಭಾಗಗಳ ರೂಪದಲ್ಲಿ ಮುಂಬಯಿಗೆ ಬಂದು ಅಲ್ಲಿ ಜೋಡಣೆಯಾದ. ಬಿಡಿಭಾಗಗಳಾಗಿ ಬಂದ ವಂಶ ಮತ್ತೆ ಬಿಡಿಭಾಗಗಳಾಗುವ ಕಡೆಗೆ ಸಾಗುವುದು ಕುಲಧರ್ಮವೇ ಸರಿ. ಎದೆಯೊಳಗಿರುವುದು ಫ್ರಾನ್ಸಿನ ಪ್ಯೂಜೊ ಮೂಲದ 2112 ಸಿ.ಸಿ. ಡೀಸೆಲ್ ಎಂಜಿನ್. ನಮ್ಮ ಮಿಸ್ತ್ರಿ ಇದನ್ನು ‘ಪೂಜೋ’ ಎನ್ನುತ್ತಾನೆ, ಪಾನಾ ಹಿಡಿಯುವ ಮೊದಲು ಕೈಯನ್ನೂ ಮುಗಿಯುತ್ತಾನೆ. ಇನ್ನು ಎಂ.ಎಂ. ಎಂಬ ಹೆಸರು ಊರವರ ಬಾಯಲ್ಲಿ ಮೊದಲು ‘ಎಮ್ಮೆಮ್’ ಆಗಿ, ಕಡೆಗೆ ‘ಎಮ್ಮಿ’ ಆಗಿ ನಿಂತಿದೆ. “ಗೌಡ್ರ, ನಿಮ್ಮ ಎಮ್ಮಿ ಇವತ್ತ ಖಾಲಿ ಐತೇನ್ರಿ?” ಎಂದು ಯಾರಾದರೂ ಕೇಳಿದರೆ ಹೊಸಬರು ಹಾಲಿನ ಮಾತೆಂದುಕೊಳ್ಳಬಾರದು.

 

ಎರಡನೆಯದು ಸಂಶಯ: ಈಗ ಅಂಗಳದಲ್ಲಿರುವುದು 1993ರ ಜೀಪೇ ಹೌದೇ? ಸಿಲಿಂಡರಿನ ಹೆಡ್ಡು ಹುಬ್ಬಳ್ಳಿಯಿಂದ ಬಂತು, ನಮ್ಮ ಹುಬ್ಬಳ್ಳಿಯಿಂದಲ್ಲ, ಧಾರವಾಡದಾಚೆಯ ದೊಡ್ಡ ಹುಬ್ಬಳ್ಳಿಯಿಂದ. (ಆ ಊರಿನ ಜೊತೆ ಗೊಂದಲ ಆಗದಿರಲೆಂದೇ ನಾವು ಮುಗುಟಖಾನನ ಹೆಸರನ್ನು ಎರಡು ಅಕ್ಷರಕ್ಕಿಳಿಸಿ ಹಣೆಗೆ ಕಟ್ಟಿಕೊಂಡಿದ್ದೇವೆ. ಆದರೂ ಬಿಡಿಭಾಗಗಳ ಪಾರ್ಸೆಲ್ಲು ಅಲ್ಲಿಗೇ ಹೋಗಿ ವಾಪಸು ಬರುತ್ತದೆ.) ಗೇರ್ ಬಾಕ್ಸು ಬೆಳಗಾವಿಯದು. ಬಾಗಿಲು ಬೈಲಹೊಂಗಲದ ವೆಲ್ಡಿಂಗ್ ಅಂಗಡಿಯದು, ಅದೇ ಅಂಗಡಿ ಮಾಡಿದ ದನದ ಕೊಟ್ಟಿಗೆಯ ಗೇಟಿನ ಹೋಲಿಕೆ ಅದಕ್ಕಿದೆ. ಸ್ಪ್ರಿಂಗ್ ಪಾಟಾ ಮೂರು ಸಲ, ರೇಡಿಯೇಟರ್ ಎರಡು ಸಲ, ತಾಡಪತ್ರಿಯ ಟಾಪು ಲೆಕ್ಕವಿಲ್ಲ. ಹಾಗಾದರೆ ತಮ್ಮ ಮಾರಬೇಕು ಎನ್ನುತ್ತಿರುವ ವಸ್ತು ಯಾವುದು? ಅದು ಈಗಾಗಲೇ ಕಂತುಕಂತಾಗಿ ಮಾರಾಟವಾಗಿ ಹೋಗಿದೆಯಲ್ಲ!

ಇಲ್ಲಿ ನಮ್ಮೂರಿನ ಉದಾಹರಣೆ ಬೆಳಕು ಚೆಲ್ಲುತ್ತದೆ. ಊರು ಬೈಲಹೊಂಗಲ ತಾಲೂಕಿನಿಂದ ಕಿತ್ತೂರು ತಾಲೂಕಿಗೆ ದಾಟಿತು, ಒಂದು ಕಲ್ಲೂ ಕದಲಲಿಲ್ಲ, ಕಾಗದ ಮಾತ್ರ ಬದಲಾಯಿತು. ಜೀಪಿನಲ್ಲಿ ಎಲ್ಲವೂ ಬದಲಾಯಿತು, ಕೆಎ-22 ಎಂದು ಬರೆದ ಕಾಗದ ಮಾತ್ರ ಹಾಗೇ ಇದೆ. ಸಾರಿಗೆ ಇಲಾಖೆಯ ವೇದಾಂತದ ಪ್ರಕಾರ ಎಂಜಿನ್ ಬದಲಾದರೂ ಆರ್.ಸಿ.ಯಲ್ಲಿ ಬರೆಸಿಕೊಂಡರೆ ಸಾಕು, ಗಾಡಿ ಅದೇ. ಆತ್ಮವಿರುವುದು ಚಾಸಿ ನಂಬರಿನಲ್ಲಿ. ಆ ಆತ್ಮದ ಸಾಕ್ಷಾತ್ಕಾರಕ್ಕೆ ಕೆಳಗೆ ನುಸುಳಿ, ಅರ್ಧ ಕೆ.ಜಿ. ಗ್ರೀಸು ಕೆರೆದು, ಕಾಗದವಿಟ್ಟು ಪೆನ್ಸಿಲ್ ಉಜ್ಜಬೇಕು. ಕಿತ್ತೂರಿನ ಹತ್ತಿರ ದೇಗಾಂವದಲ್ಲಿ ಗೋವೆಯ ಕದಂಬರ ರಾಣಿ ಕಮಲಾದೇವಿ 12ನೆಯ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ಗುಡಿಯಿದೆ. ಆ ಕಾಲದ ಶಾಸನಗಳ ಅಕ್ಷರಗಳನ್ನು ವಿದ್ವಾಂಸರು ಓದಿ ಮುಗಿಸಿದ್ದಾರೆ. ನಮ್ಮ ಚಾಸಿಯ ನಾಲ್ಕನೆಯ ಅಂಕಿ ಎಂಟೋ ಮೂರೋ ಎಂಬ ಪಾಠಾಂತರ ಇನ್ನೂ ಇತ್ಯರ್ಥವಾಗಿಲ್ಲ.

ಈಗ ಪೂರ್ವಪಕ್ಷ. ತಮ್ಮನ ವಾದವೆಲ್ಲ ಒಂದು ಇನ್ನೂರು ಪುಟದ ನೋಟಬುಕ್ಕಿನಲ್ಲಿದೆ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಮೊದಲು ಇದಕ್ಕೆ 600 ರೂಪಾಯಿ ಇತ್ತು, 2022ರ ಏಪ್ರಿಲ್ 1ರಿಂದ 5,000 ಆಯಿತು. 2023ರಲ್ಲಿ ನಾವು ಅದನ್ನು ಕಟ್ಟಿ ಉಸಿರು ಬಿಡುವಷ್ಟರಲ್ಲಿ, 2025ರ ಆಗಸ್ಟಿನಲ್ಲಿ ಇಪ್ಪತ್ತು ದಾಟಿದವಕ್ಕೆ 10,000 ಎಂದಾಯಿತು. ದಿಲ್ಲಿಯಲ್ಲಂತೂ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಬಾರದೆಂದು 2015ರಲ್ಲೇ ಹಸಿರು ನ್ಯಾಯಮಂಡಳಿ ಹೇಳಿತ್ತು. ಇದಕ್ಕೆ ಅಪ್ಪನ ಉತ್ತರ: “ನಾವ್ಯಾಕ ದಿಲ್ಲಿಗೆ ಹೋಗೂಣು?” ತಮ್ಮ ಕೊನೆಗೆ ಎಮ್ಮೆಯನ್ನೇ ತಂದ. ರಾಜ್ಯದ 2020ರ ಜಾನುವಾರು ಕಾಯ್ದೆಯಲ್ಲಿ ಹದಿಮೂರು ವರ್ಷ ದಾಟಿದ ಎಮ್ಮೆಗೆ ರಕ್ಷಣೆಯಿಲ್ಲ, ಊರೆಲ್ಲ ಇದನ್ನು ಎಮ್ಮಿ ಎಂದೇ ಕರೆಯುವಾಗ ಇದಕ್ಕೇಕೆ ಮೂವತ್ತು ದಾಟಿದರೂ ರಕ್ಷಣೆ ಎಂದು. ಹೆಸರಿನ ಸಾಮ್ಯದಿಂದ ಧರ್ಮಸಾಮ್ಯ ಸಿದ್ಧಿಸದು ಎಂದು ನಾನು ಖಂಡಿಸಿದೆ. ಅವ್ವ ಮಾತ್ರ ಒಳಗಿನಿಂದ “ಎಮ್ಮಿ ಆದ್ರ ಹೆಂಡಿನರ ಹಾಕತಿತ್ತು” ಅಂದಳು.

ಪ್ರಮಾಣಗಳಿಗೆ ಬರೋಣ. ನೈಯಾಯಿಕರಿಗೆ ಅನುಮಾನವೆಂದರೆ ಬೆಟ್ಟದ ಮೇಲಿನ ಹೊಗೆ: ಹೊಗೆ ಕಂಡರೆ ಬೆಂಕಿಯಿದೆಯೆಂದು ತಿಳಿ. ಎರಡು ಸಾವಿರ ವರ್ಷ ಅವರು ಇದೊಂದೇ ಹೊಗೆಯಲ್ಲಿ ಕಾಲ ಕಳೆದರು, ಅದರ ಬಣ್ಣ ಯಾವುದೆಂದು ಒಬ್ಬರೂ ಕೇಳಲಿಲ್ಲ. ಆ ಶಾಸ್ತ್ರವನ್ನು ಪೂರ್ಣಗೊಳಿಸಿದ ಕೀರ್ತಿ ನಮ್ಮ ಮಿಸ್ತ್ರಿಗೆ ಸಲ್ಲಬೇಕು. “ಕರೇ ಹೊಗಿ ಬಂದ್ರ ಅಂಜಬ್ಯಾಡ್ರಿ, ಡೀಸೆಲ್ ಹೆಚ್ಚ ಆಗಿರತೈತಿ, ಇಲ್ಲಾ ಏರ್ ಫಿಲ್ಟರ್ ಕಟ್ಟಿರತೈತಿ. ಬಿಳೇ ಹೊಗಿ ಬಂದ್ರ ಒಳಗ ನೀರ ಹೊಕ್ಕೈತೇನ ನೋಡಬೇಕು, ನನ್ನ ಕಡೆ ಬರ್ರಿ. ನೀಲಿ ಹೊಗಿ ಬಂತಂದ್ರ ಎಂಜಿನ್ ಆಯಿಲ್ ಸುಡಾಕತ್ತೈತಿ, ರಿಂಗ್ ಹೋಗ್ಯಾವ. ಮೊದಲ ಬ್ಯಾಂಕಿಗೆ ಹೋಗಿ, ಆಮ್ಯಾಲ ನನ್ನ ಕಡೆ ಬರ್ರಿ.” ಗೌತಮ ಮಹರ್ಷಿಯ ಹೊಗೆಯಿಂದ ಬೆಂಕಿಯಷ್ಟೇ ಸಿದ್ಧವಾಗುತ್ತದೆ, ಇವನ ಹೊಗೆಯಿಂದ ಖರ್ಚಿನ ಅಂದಾಜುಪಟ್ಟಿಯೇ ಸಿದ್ಧ. ನಮ್ಮ ಜೀಪಿನದು ಬೆಳಿಗ್ಗೆ ಬಿಳಿ, ಏರಿನಲ್ಲಿ ಕರಿ, ಇಳಿದ ಮೇಲೆ ನೀಲಿ. ಇದನ್ನು ಅನೇಕಾಂತವಾದವೆಂದು ತಿಳಿಯತಕ್ಕದ್ದು.

ಶಬ್ದವೂ ಪ್ರಮಾಣವೇ. ಜೀಪು ಹೊಳೆಯಾಚೆ ಇರುವಾಗಲೇ ಅವ್ವ ಒಲೆಯ ಮೇಲೆ ಚಹಾಕ್ಕೆ ಇಡುತ್ತಾಳೆ. ಇಷ್ಟು ಸಾಕು.

ಅರ್ಥಾಪತ್ತಿಯನ್ನು ಮೀಮಾಂಸಕರು ವಿವರಿಸುವುದು ದೇವದತ್ತನಿಂದ. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲವಾದರೆ ರಾತ್ರಿ ಉಣ್ಣುತ್ತಾನೆಂದೇ ಅರ್ಥ. ನಮ್ಮಲ್ಲಿ ಹಗಲು ಎಲ್ಲಿಗೂ ಹೋಗದ ಜೀಪಿನ ಟ್ಯಾಂಕು ಬೆಳಗಾಗುವುದರೊಳಗೆ ಖಾಲಿಯಾಗಿರುತ್ತಿತ್ತು. ದೇವದತ್ತ ಯಾರೆಂದು ಹುಡುಕಲು ಹೊರಟೆ. ತಮ್ಮನ ಮೇಲಿದ್ದ ಅನುಮಾನ ಸುಳ್ಳಾಯಿತು. ಹಿಂದಿನ ಓಣಿಯವರು ಹೆರಿಗೆಗೆ ಕಿತ್ತೂರಿಗೆ ಒಯ್ದಿದ್ದರು, ಸಂಪಗಾವಿಯ ಬೀಗರು ಎಲ್ಲಮ್ಮನ ಗುಡ್ಡಕ್ಕೆ ಒಯ್ದಿದ್ದರು, ಯಾರೋ ಒಬ್ಬರು ಇನ್ನೊಂದು ಜೀಪು ಎಳೆದು ತರಲು ಒಯ್ದಿದ್ದರು. ಎಲ್ಲರೂ ಅಪ್ಪನನ್ನು ಕೇಳಿಯೇ ಒಯ್ದಿದ್ದರು. ಅಪ್ಪ ನಮಗೆ ಹೇಳಿರಲಿಲ್ಲ.

ಪ್ರತ್ಯಕ್ಷ ಪ್ರಮಾಣಕ್ಕಾಗಿ ತಮ್ಮ ತನ್ನ ಗೆಳೆಯನ ಹೊಸ ಫೋರ್ ವ್ಹೀಲ್ ಗಾಡಿಯನ್ನು ಮಳೆಗಾಲದಲ್ಲಿ ನಮ್ಮ ಎರಿ ಹೊಲಕ್ಕೆ ಇಳಿಸಿದ. ಎರಿ ಮಣ್ಣಿನ ಸ್ವಭಾವ ಬಲ್ಲವರು ಬಲ್ಲರು. ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ಟಾಯರಿನ ಹಲ್ಲುಗಳ ನಡುವೆ ತುಂಬಿಕೊಂಡಿತೆಂದರೆ ಗಾಲಿಯೇ ನುಣ್ಣಗಿನ ಮಣ್ಣಿನುಂಡೆ. ಎರಡು ಗಾಲಿ ಎಳೆದರೇನು, ನಾಲ್ಕು ಎಳೆದರೇನು, ನಾಲ್ಕೂ ಸೇರಿ ಬಾವಿ ತೋಡುತ್ತವೆ. ಹೊಸದು ಹೂತಿತು. ಬಿಡಿಸಲೆಂದು ಅಪ್ಪ ಹೆಮ್ಮೆಯಿಂದ ಹಳೆಯದನ್ನು ಇಳಿಸಿದ, ಹತ್ತು ಮಾರು ಈಚೆಗೆ ಅದೂ ಹೂತಿತು. ಬದುವಿನ ಮೇಲೆ ನಿಂತು ನೋಡುತ್ತಿದ್ದ ಪಕ್ಕದ ಹೊಲದ ಕಾಕಾ ಎತ್ತು ಬಿಚ್ಚಿಕೊಂಡು ಬಂದು ಕೇಳಿದ್ದು ಒಂದೇ ಮಾತು: “ಯಾವುದನ್ನ ಮೊದಲ ಎಳೀಲಿ?” ರಸ್ತೆ ಬಿಟ್ಟು ಓಡುವ ವಾಹನವೆಂಬ ಪದಾರ್ಥ ಈ ಭೂಮಿಯಲ್ಲಿ ಒಂದೇ ಇದೆ, ಅದಕ್ಕೆ ಕೋಡುಗಳಿವೆ. ಹಳತು ಹೊಸತುಗಳ ತಾರತಮ್ಯ ಡಾಂಬರಿನ ಮೇಲೆ ಮಾತ್ರ.

ಇನ್ನು ಗ್ರಂಥದ ಹೃದಯಭಾಗ. ಮಾರುವ ಹಕ್ಕು ಯಾರದು? ಇದಕ್ಕೆ ನಾವು ಹೊರಗೆ ಹೋಗಬೇಕಿಲ್ಲ. ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರ ಬರೆದ ಮಿತಾಕ್ಷರವೇ ನಮ್ಮ ಆಸ್ತಿಗಳ ಶಾಸ್ತ್ರ. ಅವನ ಮತದಲ್ಲಿ ಮಗನಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಪಾಲು. ನಾವು ಬಂಗಾಳದವರಾಗಿ ದಾಯಭಾಗಕ್ಕೆ ಒಳಪಟ್ಟಿದ್ದರೆ ಅಪ್ಪ ಇರುವತನಕ ನಮ್ಮ ಬಾಯಿ ಮುಚ್ಚಿರುತ್ತಿತ್ತು, ಗ್ರಂಥವೂ ಅರ್ಧ ಪುಟಕ್ಕೆ ಮುಗಿಯುತ್ತಿತ್ತು. ಜೀಪು ಬಂದದ್ದು ಮುತ್ತಜ್ಜನ ಹೊಲದ ಕಬ್ಬಿನಿಂದ, ಆದ್ದರಿಂದ ಕುಟುಂಬದ್ದು. 2005ರ ತಿದ್ದುಪಡಿಯ ಮೇಲೆ ಮಗಳಿಗೂ ಸಮಪಾಲು, ಆದ್ದರಿಂದ ಪುಣೆಯ ತಂಗಿಯದೂ ಹೌದು. ಫೋನಿನಲ್ಲಿ ಅವಳ ಅಭಿಪ್ರಾಯ ದಾಖಲಾಗಿದೆ: “ಅಣ್ಣಾ, ನನ್ನ ಗಂಡನ ಮನಿಗೆ ಕಳಿಸಿದ್ದು ಅದರಾಗ. ನನ್ನ ಕೇಳಲಾರದ ಮಾರಿದ್ರ ನೋಡ್ರಿ ಮತ್ತ.”

ಆದರೆ ವಿಜ್ಞಾನೇಶ್ವರ ಒಂದು ಸೂಕ್ಷ್ಮ ಇಟ್ಟಿದ್ದಾನೆ. ಸ್ಥಾವರವಾದ ಆಸ್ತಿಗೆ ಮಕ್ಕಳ ಒಪ್ಪಿಗೆ ಬೇಕು, ಜಂಗಮದ ವಿಷಯದಲ್ಲಿ ತಂದೆಗೆ ಹೆಚ್ಚು ಸ್ವಾತಂತ್ರ್ಯ. ಹಾಗಾದರೆ ಜೀಪು ಸ್ಥಾವರವೋ ಜಂಗಮವೋ? ಬ್ಯಾಟರಿ ಇಳಿದು ಬೇವಿನ ಕೆಳಗೆ ನಿಂತಾಗ ಅದು ನಿಸ್ಸಂಶಯವಾಗಿ ಸ್ಥಾವರ, ಕೋಳಿ ಅದರೊಳಗೆ ಮೊಟ್ಟೆಯಿಟ್ಟ ದಾಖಲೆಯಿದೆ. ನಾಲ್ಕು ಜನ ದಬ್ಬಿ, ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟ ಗಳಿಗೆಯಲ್ಲಿ ಅದು ಜಂಗಮ. ತಮ್ಮ ಕುಣಿದ: ಎಂಜಿನ್ ಚಾಲೂ ಇರುವಾಗ ಅಪ್ಪ ಸಹಿ ಹಾಕಿದರೆ ಮುಗಿಯಿತು!

ಇಲ್ಲಿಯೇ ಅವನು ಎಡವಿದ್ದು. ಸ್ಥಾವರ ಜಂಗಮದ ಪ್ರಶ್ನೆ ಮಿತಾಕ್ಷರದಲ್ಲಿ ಮುಗಿಯುವಂಥದಲ್ಲ, ಅದೂ ನಮ್ಮೂರಿನಲ್ಲಿ. ಬಸವಣ್ಣನವರ ಪತ್ನಿ ಗಂಗಾಂಬಿಕೆಯ ಐಕ್ಯಮಂಟಪ ನಮ್ಮ ಮಲಪ್ರಭೆಯ ನಡುನೀರಿನಲ್ಲಿದೆ. ಈ ದಂಡೆಯವರು ಜಂಗಮಕ್ಕೆ ನೀಡುವುದನ್ನು ಕಲಿತಿದ್ದಾರೆಯೇ ಹೊರತು ಮಾರುವುದನ್ನಲ್ಲ. ಆದ್ದರಿಂದ ನಿಂತಾಗ ಸ್ಥಾವರ, ಪುಣೆಯಿಂದ ಒಪ್ಪಿಗೆ ಬಾರದೆ ಮಾರುವಂತಿಲ್ಲ. ಓಡುವಾಗ ಜಂಗಮ, ಮಾರಿದರೆ ಊರು ಬಿಡುವುದಿಲ್ಲ. ಡೀಸೆಲ್ ಹಾಕುವುದನ್ನು ಖರ್ಚಿನ ಬದಲು ದಾಸೋಹದ ಲೆಕ್ಕಕ್ಕೆ ಬರೆಯಬೇಕೆಂದು ನಾನು ಸೂಚಿಸಿದಾಗ ತಮ್ಮ ನೋಟಬುಕ್ಕು ಮಡಚಿ ಎದ್ದು ಹೋದ.

ಆತ ಸುಮ್ಮನೆ ಕೂರುವವನಲ್ಲ. ಮುಂದಿನ ರವಿವಾರ ಖಾನಾಪುರದ ಕಡೆಯ ಒಬ್ಬ ಗಿರಾಕಿಯನ್ನು ಕರೆತಂದೇಬಿಟ್ಟ. ಕಾಡಂಚಿನವರಿಗೆ ಇಂಥ ಗಾಡಿಯ ಬೆಲೆ ಗೊತ್ತಂತೆ. ಆತ ಜೇಬಿನಲ್ಲಿ ರೊಕ್ಕ ಇಟ್ಟುಕೊಂಡೇ ಬಂದಿದ್ದ. ಕಟ್ಟೆಯ ಮೇಲೆ ಅಪ್ಪ, ನಾನು, ಅವ್ವ, ಸ್ಪೀಕರಿಗೆ ಹಾಕಿದ ಫೋನಿನಲ್ಲಿ ತಂಗಿ. ಚಹಾ ಆಯಿತು, ಅಡಕೆ ಎಲೆ ಆಯಿತು.

“ಗಾಡಿ ಎಲ್ಲೈತ್ರಿ?” ಅಂದ ಆತ.

ಎಲ್ಲರೂ ಬೇವಿನ ಮರದ ಕಡೆ ತಿರುಗಿದೆವು. ಕುಮಾರಿಲ ಭಟ್ಟನ ಪಂಥದವರು ಅನುಪಲಬ್ಧಿ ಎಂಬ ಆರನೆಯ ಪ್ರಮಾಣವೊಂದನ್ನು ಹೇಳುತ್ತಾರೆ. ಇರಬೇಕಾದ ಜಾಗದಲ್ಲಿ ವಸ್ತು ಕಾಣದಿದ್ದರೆ ಅದರ ಅಭಾವ ತಿಳಿಯುತ್ತದೆ ಎಂದು. ನೆಲದ ಮೇಲೆ ಗಡಿಗೆಯಿಲ್ಲ ಎಂಬುದು ಅವರ ಉದಾಹರಣೆ.

“ಕುಬಸದ ಕಾರ್ಯ ಐತಂತ ರಾಮದುರ್ಗಕ್ಕ ಒಯ್ದಾರ,” ಅಪ್ಪ ಅಡಕೆ ಕತ್ತರಿಸುತ್ತ ಹೇಳಿದ. “ಸಂಜಿಕ್ಕ ಬರತೈತಿ. ಇಲ್ಲಾ ನಾಳೆ.”

ಗಿರಾಕಿ ಎದ್ದು ಹೋಗಿ, ಮರದ ಕೆಳಗೆ ಒದ್ದೆಯಾಗಿದ್ದ ಎಣ್ಣೆಯ ಕಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಬೆರಳಿನಿಂದ ಮುಟ್ಟಿ, ಹೆಬ್ಬೆರಳಿಗೆ ತಿಕ್ಕಿ, ಮೂಸಿ ನೋಡಿದ.

“ಆಯಿಲ್ ಹೊಸಾದ ಹಾಕೀರಿ,” ಅಂದ.