ಡಿಎಪಿ ಹಾಕದೆ ಬಂದ ಬೆಳೆ

ಹಾಸನ ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ ಎಂದು ಹೈಸ್ಕೂಲಿನಲ್ಲಿ ಓದಿದ್ದೆ. ಅಷ್ಟು ಎತ್ತರಕ್ಕೆ ಸಮುದ್ರವನ್ನೇ ಹತ್ತಿಸಿ ಕೂರಿಸುವುದು ಎಂಥ ಪಾಡು ಎಂಬುದು ಗೊತ್ತಾದದ್ದು ಮಾತ್ರ ಐವತ್ತು ದಾಟಿದ ಮೇಲೆ, ನಮ್ಮ ಹಾಲಿನಲ್ಲಿ, ಮೊದಲು ಟಿವಿ ಇದ್ದ ಜಾಗದಲ್ಲಿ.

ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಗಾಜಿನ ತೊಟ್ಟಿ. ಹಿಡಿಯುವುದು 190 ಲೀಟರ್. ಲೀಟರಿಗೆ 35 ಗ್ರಾಂ ಉಪ್ಪು ಎಂದರೆ ಆರೂವರೆ ಕೆಜಿಗೂ ಮೇಲಾಯಿತು. ಇದು ಸಾರಿಗೆ ಹಾಕುವ ಉಪ್ಪಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಸಮುದ್ರದ ಪಾಕದಲ್ಲೇ ಬೆರೆತಿರುವ ಬಕೆಟ್ ಉಪ್ಪು. ಹೊಳೆನರಸೀಪುರದಿಂದ ಬಂದಿದ್ದ ಅಮ್ಮ ಬಕೆಟ್ಟಿನೊಳಗೆ ಇಣುಕಿ, ‘ಇಷ್ಟೊಂದು ಉಪ್ಪಾ! ಉಪ್ಪಿನಕಾಯಿ ವ್ಯಾಪಾರ ಶುರು ಮಾಡ್ತೀಯೇನೋ?’ ಅಂದಳು.

ಅಮ್ಮನನ್ನು ನಗುವಂತಿರಲಿಲ್ಲ. ತೊಟ್ಟಿಯ ನೀರು ದಿನಕ್ಕೆ ಒಂದೆರಡು ಲೋಟ ಆವಿಯಾಗುತ್ತಿತ್ತು. ಕಡಿಮೆಯಾದಷ್ಟನ್ನು ನಾನು ಶ್ರದ್ಧೆಯಿಂದ ಉಪ್ಪುನೀರೇ ಕಲಸಿ ತುಂಬುತ್ತಿದ್ದೆ. ವಾರದೊಳಗೆ ಉಪ್ಪಿನಂಶ ಅಳೆಯುವ ಮೀಟರಿನ ಗೆರೆ ಮೇಲೇರಿತು. ‘ಸಾರು ಕುದ್ದು ಬತ್ತಿದ್ರೆ ನೀರು ಹಾಕ್ತೀವೋ ಉಪ್ಪು ಹಾಕ್ತೀವೋ? ಆರೋದು ನೀರು ಕಣೋ, ಉಪ್ಪು ಎಲ್ಲಿಗೆ ಹೋಗುತ್ತೆ?’ ಎಂದು ಅಮ್ಮ ಒಗ್ಗರಣೆ ಹಾಕುತ್ತಲೇ ಹೇಳಿದಳು. ಅವತ್ತಿನಿಂದ ಸಿಹಿನೀರು.

ನನಗೆ ಬೇಕಿದ್ದುದು ಅನಿಮೋನ್. ನೋಡುವುದಕ್ಕೆ ಹೂವು, ಅಸಲಿಗೆ ಪ್ರಾಣಿ. ಬಂಡೆಗೆ ಪಾದ ಊರಿಕೊಂಡು, ಎಸಳಿನಂಥ ತೋಳುಗಳನ್ನು ಬಿಚ್ಚಿಕೊಂಡು ಕೂತಿರುತ್ತದೆ. ತಿನ್ನುವುದಕ್ಕೂ ತಿಂದದ್ದನ್ನು ಹೊರಹಾಕುವುದಕ್ಕೂ ಇರುವುದು ಒಂದೇ ಬಾಯಿ. ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಯನ್ನು ಬಾಡಿಗೆಗೆ ಇಟ್ಟುಕೊಂಡಿರುತ್ತದೆ. ಆ ಬಾಡಿಗೆದಾರರು ಬೆಳಕಿನಲ್ಲಿ ಅಡುಗೆ ಮಾಡಿ ಮನೆ ಮಾಲೀಕನಿಗೂ ಬಡಿಸುತ್ತಾರೆ. ಅಂಥ ಬಾಡಿಗೆದಾರರು ಹಾಸನದಲ್ಲಿ ಯಾರಿಗೂ ಸಿಕ್ಕಿದ್ದನ್ನು ನಾನು ಕೇಳಿಲ್ಲ.

ತೊಟ್ಟಿಗೆ ನೀರು ತುಂಬಿ ಆಗ ನಾಲ್ಕು ವಾರ. ಬೆಂಗಳೂರಿನ ಅಂಗಡಿಯೊಂದರಲ್ಲಿ ‘ಹಾಕ್ಬೋದಾ?’ ಎಂದು ಕೇಳಿದೆ. ‘ಆರಾಮಾಗಿ ಹಾಕಿ ಸಾರ್’ ಅಂದರು. ಅನಿಮೋನನ್ನು ನೀರು, ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಸಿಕೊಂಡು, ತೊಡೆಯ ಮೇಲಿಟ್ಟುಕೊಂಡು ಕೆಂಪು ಬಸ್ಸು ಹತ್ತಿದೆ. ಚನ್ನರಾಯಪಟ್ಟಣದಲ್ಲಿ ಟೀಗೆ ನಿಂತಾಗ ಕಂಡಕ್ಟರು ಚೀಲವನ್ನು ಬೆಳಕಿಗೆ ಹಿಡಿದು ನೋಡಿ, ‘ಮೀನೇ ಇಲ್ವಲ್ಲ ಸಾರ್, ಸೋರ್ಹೋಯ್ತಾ?’ ಎಂದು ಮರುಗಿದರು. ಅನಿಮೋನ್ ಆಗ ಮುದುಡಿಕೊಂಡು, ಅಗಿದು ಉಗಿದ ಬಬಲ್ ಗಮ್ಮಿನ ಹಾಗೆ ಚೀಲದ ಮೂಲೆಯಲ್ಲಿತ್ತು.

ಮೊದಲನೇ ರಾತ್ರಿಯೇ ಅದು ಇಟ್ಟ ಜಾಗದಿಂದ ಹೊರಟಿತು. ಪಾದ ಜಾರಿಸುತ್ತ ನಡೆಯುವುದು ಅನಿಮೋನಿನ ಹುಟ್ಟುಗುಣ. ಬೆಳಕು, ನೀರಿನ ಓಟ ಹಿಡಿಸುವವರೆಗೂ ಮನೆ ಹುಡುಕುತ್ತಲೇ ಇರುತ್ತದೆ. ನಮ್ಮದು ಪಂಪಿನ ಕಡೆಗೇ ಹೊರಟಿತ್ತು. ಪಂಪಿನ ಬಾಯಿಗೆ ಸಿಕ್ಕರೆ ಚೂರುಚೂರು. ರಾತ್ರಿ ಎರಡು ಗಂಟೆಗೆ ಹೆಂಡತಿಯ ಪಾತ್ರೆ ತೊಳೆಯುವ ಸ್ಪಂಜು ಕತ್ತರಿಸಿ ಪಂಪಿಗೆ ಕಟ್ಟಿದೆ. ಹೊಸ ಸ್ಪಂಜೇ, ಆದರೂ ಬೆಳಿಗ್ಗೆ ಅದರ ವಿಚಾರಣೆ ನಡೆಯಿತು.

ಎರಡು ವಾರಕ್ಕೆ ಅದರ ಬಾಯಿ ಸಡಿಲವಾಗಿ ತೆರೆದುಕೊಂಡಿತು, ಮೈಬಣ್ಣ ಬಿಳಿಚಿಕೊಂಡಿತು. ಒಂದು ಸಂಜೆ ಆಫೀಸಿನಿಂದ ಬಂದು ಬಾಗಿಲು ತೆಗೆದರೆ ಮಲ್ಪೆ ಬಂದರಿನ ವಾಸನೆ. ಬಾಡಿಗೆದಾರರು ಮೊದಲೇ ಖಾಲಿ ಮಾಡಿದ್ದರು, ಮಾಲೀಕನೂ ಹೋಗಿದ್ದ.

ತಪ್ಪು ಎಲ್ಲಿ ಎಂದು ಓದಿಕೊಂಡದ್ದು ಆಮೇಲೆ. ಹೊಸ ತೊಟ್ಟಿಯಲ್ಲಿ ಕೊಳೆತದ್ದೆಲ್ಲ ಮೊದಲು ಅಮೋನಿಯಾ. ಅದನ್ನು ತಿನ್ನುವ ಬ್ಯಾಕ್ಟೀರಿಯಾ ಕಲ್ಲುಮರಳಿನಲ್ಲಿ ಮನೆಮಾಡಿ ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿಸಲು ನಾಲ್ಕರಿಂದ ಆರು ವಾರ ಬೇಕು. ಮೀನಿಗೆ ಅಷ್ಟು ಸಾಕು. ಅನಿಮೋನಿಗೆ ಸಾಲದು, ಅದಕ್ಕೆ ಆರು ತಿಂಗಳಾದರೂ ಪಳಗಿದ ನೀರೇ ಆಗಬೇಕು. ಒಮ್ಮೆ ಒಗ್ಗಿತೋ, ಅದರ ಆಯಸ್ಸಿಗೆ ಲೆಕ್ಕವಿಲ್ಲ. ಸ್ಕಾಟ್ಲೆಂಡಿನ ಜಾನ್ ಡಾಲಿಯೆಲ್ ಎಂಬಾತ 1828ರಲ್ಲಿ ಕಡಲತೀರದಿಂದ ತಂದು ಜಾಡಿಯಲ್ಲಿಟ್ಟ ಅನಿಮೋನ್ ಒಂದು ಆತ ತೀರಿಕೊಂಡ ಮೇಲೂ ಕೈಯಿಂದ ಕೈಗೆ ದಾಟುತ್ತ 1887ರವರೆಗೆ ಬದುಕಿತ್ತು. ಅದನ್ನು ಎಲ್ಲರೂ ‘ಅಜ್ಜಿ’ ಎಂದೇ ಕರೆಯುತ್ತಿದ್ದರಂತೆ. ಸತ್ತಾಗ ಪೇಪರಿನಲ್ಲೂ ಬಂತು. ಹೀಟರು, ಪಂಪು ಏನೂ ಇಲ್ಲದ ಜಾಡಿಯಲ್ಲಿ 59 ವರ್ಷ! ನನ್ನದು ಹದಿನೈದು ದಿನ.

ಸತ್ತ ಅನಿಮೋನ್ ಸುಮ್ಮನೆ ಹೋಗಲಿಲ್ಲ, ಗೊಬ್ಬರವಾಯಿತು. ಮೊದಲು ಮರಳಿನ ಮೇಲೆಲ್ಲ ಸಕಲೇಶಪುರದ ಕಾಫಿಪುಡಿ ಚೆಲ್ಲಿದ ಹಾಗೆ ಕಂದು ಪಾಚಿ. ಅದು ಡಯಾಟಮ್, ಹೊಸ ತೊಟ್ಟಿಗಳಿಗೆ ಬಂದು ಹೋಗುವ ಮಕ್ಕಳ ನೆಗಡಿಯ ಹಾಗೆ. ಅದರ ಹಿಂದೆ ಬಂದ ಹಸಿರು ಮಾತ್ರ ಹೋಗುವುದಕ್ಕೆ ಬಂದದ್ದಲ್ಲ. ಗೇಣುದ್ದದ ಕೂದಲು ಬಿಟ್ಟುಕೊಂಡು ಕಲ್ಲುಗಳೆಲ್ಲ ಜಟಾಧಾರಿಗಳಾದವು.

ಅಂಥ ದಿನಗಳಲ್ಲೇ ಅರಕಲಗೂಡಿನಿಂದ ಮಾವ ಬಂದರು. ನಲವತ್ತು ವರ್ಷ ಆಲೂಗೆಡ್ಡೆ ಬೆಳೆದವರು. ತೊಟ್ಟಿಯ ಮುಂದೆ ಕುರ್ಚಿ ಎಳೆದುಕೊಂಡು ಬಹಳ ಹೊತ್ತು ನೋಡಿ, ‘ಬೆಳೆ ಚೆನ್ನಾಗ್ ಬಂದದೆ ಅಳಿಯಂದ್ರೇ. ಡಿಎಪಿ ಎಷ್ಟ್ ಹಾಕಿದ್ರಿ?’ ಅಂದರು.

ನಗೆಯಾಡಿದರು ಅಂದುಕೊಂಡೆ. ಯೋಚಿಸಿದರೆ, ರೋಗ ಕಂಡುಹಿಡಿದದ್ದೇ ಅವರು. ಡಿಎಪಿ ಮೂಟೆಯ ಮೇಲೆ 18–46 ಎಂದು ಬರೆದಿರುತ್ತದಲ್ಲ, ಸಾರಜನಕ ಮತ್ತು ರಂಜಕ. ಪಾಚಿಗೂ ಬೇಕಾದದ್ದು ಆ ಎರಡೇ, ನೈಟ್ರೇಟು ಮತ್ತು ಫಾಸ್ಫೇಟು. ಅವರು ದುಡ್ಡು ಕೊಟ್ಟು, ಸಾಲಿನಲ್ಲಿ ನಿಂತು ತರುವುದು ನಮ್ಮ ತೊಟ್ಟಿಯಲ್ಲಿ ಬಿಟ್ಟಿಯಾಗಿ ಬಿದ್ದಿತ್ತು. ಟೆಸ್ಟ್ ಕಿಟ್ಟಿನ ಬಣ್ಣವೂ ಅದನ್ನೇ ಹೇಳಿತು. ಸತ್ತ ಅನಿಮೋನಿನ ಲೆಕ್ಕ ಸರಿ, ಆದರೆ ಮಿಕ್ಕದ್ದು ಎಲ್ಲಿಂದ?

ನಲ್ಲಿಯಿಂದ ಒಂದಷ್ಟು. ಅಮ್ಮನ ಸೆರಗಿನಿಂದ ಒಂದಷ್ಟು. ರಾಮನಾಥಪುರದ ವಹ್ನಿಪುಷ್ಕರಿಣಿಯಲ್ಲಿ ಕಾವೇರಿಯ ಮೀನುಗಳಿಗೆ ಪುರಿ ಹಾಕಿ ರೂಢಿಯಾದ ಕೈ ಅವಳದು. ನಾನು ಆಫೀಸಿಗೆ ಹೋದ ಮೇಲೆ ಇಲ್ಲೂ, ತೊಟ್ಟಿಯಲ್ಲಿದ್ದ ಎರಡು ಕ್ಲೌನ್ ಮೀನುಗಳಿಗೆ, ಅದೇ ಪುಣ್ಯಕಾರ್ಯ ನಡೆದಿತ್ತು. ‘ಎರಡು ಮೀನು ಬಾಯಿ ಬಾಯಿ ಬಿಡ್ತವೆ, ನೋಡ್ಕೊಂಡು ಹೆಂಗೋ ಸುಮ್ನಿರೋದು?’ ರಾಮನಾಥಪುರದಲ್ಲಿ ಪುರಿಯ ಹಿಂದೆ ಒಂದು ಹೊಳೆಯೇ ಹರಿಯುತ್ತದೆ. ನಮ್ಮಲ್ಲಿ ಹರಿಯುವುದು ಕರೆಂಟಿರುವಾಗ ಪಂಪೊಂದೇ.

ನೀರು ಬದಲಾಯಿಸಲು ಬಡಾವಣೆಯ ಶುದ್ಧ ನೀರಿನ ಘಟಕಕ್ಕೆ ಐದು ರೂಪಾಯಿ ಕಾಯಿನ್ ಹಿಡಿದು ಹೊರಟೆ. 20 ಲೀಟರಿನ ಕ್ಯಾನು, ವಾರಕ್ಕೆರಡು. ಮೊದಲ ದಿನ ಮಾತ್ರ ಐದು. ಹಿಂದೆ ನಿಂತವರು ‘ನಾಮಕರಣವಾ ಸಾರ್?’ ಎಂದು ಕೇಳಿದರು. ಸಮುದ್ರಕ್ಕೆ ಎನ್ನಲು ನಾಲಗೆ ಏಳದೆ ಹೌದೆಂದೆ. ದೀಪವನ್ನು ಹನ್ನೆರಡು ಗಂಟೆಯಿಂದ ಏಳಕ್ಕಿಳಿಸಿದೆ. ಪಾಚಿ ಮೇಯಲು ನಾಲ್ಕು ಬಸವನಹುಳು ಬಿಟ್ಟೆ. ಕಳೆ ಕೀಳುವ ಕೆಲಸ ಮಾತ್ರ ಮಾವನದು. ಪಂಚೆ ಮೇಲೆ ಕಟ್ಟಿ, ಮೊಣಕೈವರೆಗೆ ಉಪ್ಪುನೀರಲ್ಲಿ ಕೈಯಿಳಿಸಿ, ಪಾಚಿಯನ್ನು ಬುಡಸಮೇತ ಹಳೇ ಟೂತ್‌ಬ್ರಷ್ಷಿಗೆ ಸುತ್ತಿಕೊಂಡು ಜಡೆ ಎಳೆದಂತೆ ಎಳೆಯುತ್ತಿದ್ದರು. ಮೊದಲ ದಿನ ಒಂದು ಪಾವು ಪಾಚಿ ಬಂತು. ‘ಬೇರು ಉಳಿದ್ರೆ ಮತ್ತೆ ಬತ್ತದೆ’ ಎಂದು ಕಲ್ಲಿನ ಸಂದುಗಳಿಗೂ ಬ್ರಷ್ಷು ಹಾಕಿದರು. ಪಾಚಿಗೆ ಬೇರಿಲ್ಲ ಎಂದು ನಾನು ತಿದ್ದಲಿಲ್ಲ. ಚೂರು ಉಳಿದರೂ ಮತ್ತೆ ಬರುವುದು ನಿಜವೇ.

ಪಾಚಿ ಪೂರ್ತಿ ಹೋಯಿತು ಎಂದರೆ ಸುಳ್ಳು. ಶ್ರವಣಬೆಳಗೊಳದ ಹೆಸರಿನಲ್ಲೇ ಬಿಳಿಯ ಕೊಳವಿದೆ. ನಾನು ಹೋದಾಗಲೆಲ್ಲ ನೀರು ಹಸಿರೇ. ಅಂಥ ಪುಣ್ಯಕ್ಷೇತ್ರದಲ್ಲೇ ಹೀಗಿದ್ದಮೇಲೆ ನನ್ನದೇನು ಎಂದು ಹಿಂದಿನ ಗಾಜನ್ನು ಬಸವನಹುಳುಗಳಿಗೆ ಗೋಮಾಳ ಬಿಟ್ಟುಕೊಟ್ಟೆ.

ಎರಡನೇ ಅನಿಮೋನ್ ಬಂದದ್ದು ಎಂಟು ತಿಂಗಳ ಮೇಲೆ. ಅಷ್ಟರಲ್ಲಿ ಹಾಸನಕ್ಕೆ ಚಳಿ ಇಳಿದಿತ್ತು. ಬಡವರ ಊಟಿ ಎನ್ನುವ ಊರಿದು. ಅನಿಮೋನಿಗೆ 26 ಡಿಗ್ರಿ ಬೇಕು. ಗೀಸರ್ ಕೆಟ್ಟು ನಾನು ತಣ್ಣೀರು ಸ್ನಾನ ಮಾಡಿದ ವಾರವೂ ಅದರ ಹೀಟರು ನಿಂತಿಲ್ಲ. ಇದೂ ಒಂದು ರಾತ್ರಿ ನಡೆಯಿತು, ಎರಡು ಗೇಣು. ಆಮೇಲೆ ಕಲ್ಲಿನ ಸಂದಿನಲ್ಲಿ ಪಾದವಿಟ್ಟು ಕೂತದ್ದು ಕೂತಿತು. ವಾರಕ್ಕೊಮ್ಮೆ ಹೆಸರುಕಾಳಿನಷ್ಟು ಸಿಗಡಿ ಚೂರು ಮುಟ್ಟಿಸಿದರೆ ತೋಳುಗಳು ಒಂದೊಂದಾಗಿ ಮಡಚಿ ಬಾಯಿಗೆ ಸಾಗಿಸುತ್ತವೆ, ಮದುವೆ ಪಂಕ್ತಿಯಲ್ಲಿ ಎಲೆ ದಾಟಿಸಿದ ಹಾಗೆ.

ಅನಿಮೋನಿನ ತೋಳಿನಲ್ಲೇ ಸಂಸಾರ ಹೂಡಬೇಕಾದ ಎರಡು ಕ್ಲೌನ್ ಮೀನುಗಳು ಮಾತ್ರ ಇವತ್ತಿಗೂ ಹೀಟರಿನ ಹಿಂದೆ ಮಲಗುತ್ತವೆ. ಜೋಡಿಯಲ್ಲಿ ದೊಡ್ಡದೇ ಹೆಣ್ಣು. ಅದು ಹೋದರೆ ಗಂಡೇ ಹೆಣ್ಣಾಗಿ ಯಜಮಾನಿಕೆ ವಹಿಸಿಕೊಳ್ಳುತ್ತದೆ ಎಂದು ಹೆಂಡತಿಗೆ ವಿವರಿಸಿದೆ. ‘ಯಜಮಾನಿಕೆ ಇರ್ಲಿ, ಅಡುಗೆ ಕಲಿಯುತ್ತಾ?’ ಎಂದಳು.

ಅರಕಲಗೂಡಿನಿಂದ ಭಾನುವಾರ ಭಾನುವಾರ ಫೋನು ಬರುತ್ತದೆ. ಮೊದಲೆಲ್ಲ ಮಗಳ ಆರೋಗ್ಯ ವಿಚಾರಿಸುತ್ತಿದ್ದರು. ಈಗ ಮಾವ ‘ಹೂವು ಅರಳದ್ಯಾ? ಕಳೆ ಎಷ್ಟ್ ಬಂದದೆ?’ ಎಂದು ಕೇಳಿ, ಉತ್ತರ ಸಮಾಧಾನವೆನಿಸಿದರೆ ಹಾಗೇ ಫೋನಿಡುತ್ತಾರೆ. ಹೋದ ವಾರ ಹೆಂಡತಿ ಜ್ವರ ಬಂದು ಮಲಗಿದ್ದಳು. ಹೇಳುವಷ್ಟರಲ್ಲಿ ಲೈನು ಕಟ್ಟಾಗಿತ್ತು.